ಗುಟ್ಟು ಕಾಯುವವರಿಗೂ ಬೇಕು ಗುರು
ಆಪ್ತ ಸಲಹೆಗಾರರ ವಿದೇಶಿ ಶಿಬಿರಗಳು ಮತ್ತು ನಮ್ಮ ಸಂಘಗಳ ಹೊಣೆ

ಅರಸಿನ ಕುಂಕುಮದ ಕಾರ್ಯಕ್ರಮ ಮುಗಿದು, ಮಹಿಳಾ ವಿಭಾಗದ ಸದಸ್ಯೆಯರು ಉಪಾಹಾರದ ತಟ್ಟೆ ಹಿಡಿದು ಮಾತಿಗೆ ನಿಂತಿರುವ ಹೊತ್ತು. ಹಿರಿಯ ಮಹಿಳೆಯೊಬ್ಬರು ಸಂಘದ ಕೌನ್ಸೆಲಿಂಗ್ ಕೇಂದ್ರದ ಸಲಹೆಗಾರ್ತಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ: "ನಮ್ಮ ಸೊಸೆ ನಿಮ್ಮ ಹತ್ತಿರ ಬರ್ತಾಳಂತಲ್ಲ, ಏನಂತೆ ಅವಳದ್ದು?"

ಇನ್ನೊಂದು ಸಂದರ್ಭ. ಭಾನುವಾರದ ವಧು-ವರಾನ್ವೇಷಣೆ ಸಮಾವೇಶ. ಹುಡುಗಿಯ ತಂದೆ ಅದೇ ಸಲಹೆಗಾರ್ತಿಯ ಬಳಿ ಬಂದು ಕೈಮುಗಿಯುತ್ತಾರೆ: "ಅಕ್ಕ, ಆ ಹುಡುಗ ನಿಮ್ಮಲ್ಲಿಗೆ ಬರ್ತಿದ್ದ ಅಂತ ಯಾರೋ ಹೇಳಿದ್ರು. ಮಗಳ ಜೀವನದ ಪ್ರಶ್ನೆ. ಹೌದೋ ಅಲ್ವೋ, ಅಷ್ಟು ಹೇಳಿದ್ರೆ ಸಾಕು."

ಎರಡೂ ಕಲ್ಪಿಸಿಕೊಂಡ ಪ್ರಸಂಗಗಳು. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡ ಸಂಘಟನೆಗಳಲ್ಲಿ ಓಡಾಡಿದವರಿಗೆ ಇವು ಅಪರಿಚಿತ ಎನಿಸಲಾರವು. ಇಲ್ಲಿ ಒಬ್ಬರಿಗೊಬ್ಬರು ಗೊತ್ತು. ಊರು ಗೊತ್ತು, ಮನೆತನ ಗೊತ್ತು, ಯಾರ ಹೋಟೆಲು ಎಲ್ಲಿದೆ ಎಂಬುದೂ ಗೊತ್ತು. ಹೊರನಾಡಿನಲ್ಲಿ ನಮ್ಮನ್ನು ಉಳಿಸಿ ಬೆಳೆಸಿದ ಈ ಆತ್ಮೀಯತೆಯೇ ಆಪ್ತ ಸಲಹೆಯ ಕೋಣೆಯಲ್ಲಿ ತೊಡಕಾಗುವುದುಂಟು. ಇಂತಹ ಹೊತ್ತಿನಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಸಲಹೆಗಾರರು ಎಲ್ಲಿ ಕಲಿಯುತ್ತಾರೆ? ಕಲಿತ ಮೇಲೂ ಸಂದೇಹ ಬಂದರೆ ಯಾರನ್ನು ಕೇಳುತ್ತಾರೆ? ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾಗುತ್ತಿರುವ ವಿದೇಶಿ ತರಬೇತಿ ಶಿಬಿರಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ನಮ್ಮ ಸಂಘಗಳೂ ಕೇಳಿಕೊಳ್ಳುವುದು ಅಗತ್ಯ.

ಕಲಿಕೆಯೂ ವಿಶ್ರಾಂತಿಯೂ

ಅಮೆರಿಕದಲ್ಲಿ ಮನೋಚಿಕಿತ್ಸಕರಿಗೆ ಪರವಾನಿಗೆ ನೀಡುವುದು ಆಯಾ ರಾಜ್ಯ. ಅದನ್ನು ನವೀಕರಿಸಬೇಕಾದರೆ ನಿಗದಿತ ಗಂಟೆಗಳಷ್ಟು ಮುಂದುವರಿದ ಶಿಕ್ಷಣ ಪಡೆದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರು ಎರಡು ವರ್ಷಕ್ಕೆ 36 ಗಂಟೆ ಕಲಿಯಬೇಕು. ಅದರಲ್ಲಿ 6 ಗಂಟೆ ಕಾನೂನು ಮತ್ತು ವೃತ್ತಿನೀತಿಗೇ ಮೀಸಲು. ಕಿರಿಯರಿಗೆ ಮಾರ್ಗದರ್ಶಕರಾಗುವವರು ಅದಕ್ಕೆಂದೇ 15 ಗಂಟೆಗಳ ಪ್ರತ್ಯೇಕ ತರಬೇತಿ ಮುಗಿಸಬೇಕು. ಬ್ರಿಟನ್ನಿನ ಕೌನ್ಸೆಲರ್‌ಗಳ ದೊಡ್ಡ ಸಂಘಟನೆಯಾದ ಬಿಎಸಿಪಿ ವೃತ್ತಿನಿರತ ಸದಸ್ಯರು ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಹಿರಿಯರೊಬ್ಬರ ಜತೆ ಕುಳಿತು ತಮ್ಮ ಕೆಲಸವನ್ನು ಪರಾಮರ್ಶಿಸಬೇಕೆಂದು ವಿಧಿಸಿದೆ.

ಹೇಗೂ ಕಲಿಯಲೇಬೇಕು ಎಂದಾದ ಮೇಲೆ ಅದರೊಂದಿಗೆ ನಾಲ್ಕು ದಿನದ ವಿಶ್ರಾಂತಿಯೂ ಇರಲಿ ಎಂಬ ಯೋಚನೆಯಿಂದ ಹುಟ್ಟಿದ್ದು 'ರಿಟ್ರೀಟ್' ಎನ್ನುವ ವಾಸ್ತವ್ಯ ಶಿಬಿರ. ಬಾಲಿ, ಕೋಸ್ಟರಿಕಾ, ಇಟಲಿ, ಗ್ರೀಸ್ ಮೊದಲಾದೆಡೆ ಇಂತಹ ಶಿಬಿರಗಳು ಏರ್ಪಡುತ್ತವೆ. ಬೆಳಗ್ಗೆ ತರಗತಿ, ಮಧ್ಯಾಹ್ನ ಸಣ್ಣ ಗುಂಪುಗಳಲ್ಲಿ ಪ್ರಕರಣಗಳ ಚರ್ಚೆ, ಸಂಜೆ ಬಿಡುವು. ದಿನವಿಡೀ ಪರರ ನೋವು ಕೇಳುವವರಿಗೂ ಮನಸ್ಸು ದಣಿಯುತ್ತದೆ. ದಣಿದ ಮನಸ್ಸಿನಿಂದ ತಪ್ಪುಗಳಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ವಿಶ್ರಾಂತಿಯನ್ನೂ ವೃತ್ತಿಧರ್ಮದ ಭಾಗ ಎನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಈ ಶಿಬಿರಗಳ ಜಾಹೀರಾತುಗಳು ಈಗ ನಮ್ಮ ಉಪನಗರಗಳ ಕೌನ್ಸೆಲರ್‌ಗಳ ಮೊಬೈಲಿಗೂ ಬರುವುದುಂಟು.

ಜಗತ್ತು ಪಾಠ ಕಲಿತ ಪ್ರಕರಣ

ಈ ತರಗತಿಗಳಲ್ಲಿ ತಪ್ಪದೆ ಬರುವ ಪ್ರಕರಣವೊಂದಿದೆ. ಅದರಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬನ ಪಾತ್ರವಿರುವುದರಿಂದ ನಮಗೂ ಅದು ದೂರದ ಕತೆಯಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಆತ, ತನಗೆ ಒಲಿಯದ ಯುವತಿ ಟಟಿಯಾನಾ ಟಾರಸಾಫ್‌ಳನ್ನು ಕೊಲ್ಲುವ ಯೋಚನೆಯನ್ನು ಚಿಕಿತ್ಸೆ ನೀಡುತ್ತಿದ್ದ ಮನಶ್ಶಾಸ್ತ್ರಜ್ಞರ ಮುಂದೆ ಹೇಳಿಕೊಂಡಿದ್ದ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟರು. ವಿಭಾಗದ ಮೇಲಧಿಕಾರಿ, ವಿಷಯವನ್ನು ಇನ್ನು ಮುಂದುವರಿಸುವುದು ಬೇಡ ಎಂದರು. ಯುವತಿಗಾಗಲೀ ಮನೆಯವರಿಗಾಗಲೀ ಯಾರೂ ಏನೂ ಹೇಳಲಿಲ್ಲ. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಆಕೆಯ ಕೊಲೆಯಾಯಿತು.

ಹೆತ್ತವರು ನ್ಯಾಯಾಲಯದ ಮೆಟ್ಟಿಲೇರಿದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಬೇರೊಬ್ಬರ ಜೀವಕ್ಕೆ ಅಪಾಯವಿದ್ದಾಗ ಅವರನ್ನು ರಕ್ಷಿಸಲು ತಕ್ಕ ಕ್ರಮ ಕೈಗೊಳ್ಳುವ ಕರ್ತವ್ಯ ಚಿಕಿತ್ಸಕರಿಗಿದೆ ಎಂದು ತೀರ್ಪಿತ್ತಿತು. ಗುಟ್ಟು ಕಾಯುವುದು ಧರ್ಮವೇ ಆದರೂ ಅದಕ್ಕೊಂದು ಎಲ್ಲೆಯಿದೆ ಎಂಬುದು ಇಲ್ಲಿನ ಮೊದಲ ಪಾಠ. ಸಲಹೆಗಾರರ ಮೇಲಿರುವವರ ನಿರ್ಧಾರವೂ ಪ್ರಾಣದ ಪ್ರಶ್ನೆಯಾಗಬಹುದು ಎಂಬುದು ಎರಡನೆಯದು. ಅಂದರೆ ಮಾರ್ಗದರ್ಶನ ಮಾಡುವವರಿಗೂ ತರಬೇತಿ ಬೇಕು.

ಲೆಕ್ಕ ಪರಿಶೋಧನೆಯಂತೆ

'ಸೂಪರ್‌ವಿಷನ್' ಎಂದೊಡನೆ ಕಾರ್ಖಾನೆಯ ಸೂಪರ್‌ವೈಸರ್ ಕಣ್ಣಮುಂದೆ ಬರಬಹುದು. ಇದು ಹಾಗಲ್ಲ. ನಮ್ಮ ಸಂಘಗಳ ವಾರ್ಷಿಕ ಮಹಾಸಭೆಯನ್ನು ನೆನಪಿಸಿಕೊಳ್ಳಿ. ಕೋಶಾಧಿಕಾರಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಲೆಕ್ಕಪತ್ರವನ್ನು ಲೆಕ್ಕ ಪರಿಶೋಧಕರು ನೋಡಿ ಸಹಿ ಹಾಕಿದ ಮೇಲೆಯೇ ಸಭೆಯ ಮುಂದಿಡುತ್ತೇವೆ. ಅದನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಹಣಕ್ಕೆ ಇರುವ ಈ ಕಾಳಜಿ ಮನಸ್ಸಿನ ವಿಷಯದಲ್ಲೂ ಇರಬೇಕು ಎಂಬುದೇ ಇದರ ತಿರುಳು. ಸಲಹೆಗಾರರು ತಮಗಿಂತ ಅನುಭವಿಯಾದವರ ಮುಂದೆ ನಿಯಮಿತವಾಗಿ ಕುಳಿತು, ಬಂದವರ ಹೆಸರು ಹೇಳದೆ, ತಾನು ಏನು ಕೇಳಿದೆ, ಏನು ಹೇಳಿದೆ, ಎಲ್ಲಿ ಎಡವಿದೆ ಎಂಬುದನ್ನು ಬಿಚ್ಚಿಡುತ್ತಾರೆ. ಕಾಣದಿದ್ದುದನ್ನು ಹಿರಿಯರು ತೋರಿಸಿಕೊಡುತ್ತಾರೆ.

ಈ ಪದ್ಧತಿಗೆ ನೂರು ವರ್ಷಗಳ ಇತಿಹಾಸವಿದೆ. 1920ರಲ್ಲಿ ಬರ್ಲಿನ್‌ನಲ್ಲಿ ಮಾಕ್ಸ್ ಐಟಿಂಗನ್ ಮತ್ತು ಸಂಗಡಿಗರು ಆರಂಭಿಸಿದ ಮನೋವಿಶ್ಲೇಷಣಾ ಚಿಕಿತ್ಸಾಲಯದಲ್ಲಿ, ಕಲಿಯುವವರು ಹಿರಿಯರ ನಿಗಾದಲ್ಲಿಯೇ ಚಿಕಿತ್ಸೆ ನೀಡಬೇಕೆಂಬ ಕ್ರಮ ರೂಪುಗೊಂಡಿತು. ಮುಂದೆ ಅದು ಜಗತ್ತಿನಾದ್ಯಂತ ಹರಡಿತು. ಭಾರತದಲ್ಲಿ 1973ರಲ್ಲಿ ಮನೋವೈದ್ಯ ಡಾ. ಜೆ. ಎಸ್. ನೇಕಿ ಅವರು ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ನೋಡಬಹುದೇ ಎಂದು ಲೇಖನವೊಂದರಲ್ಲಿ ಪರಿಶೀಲಿಸಿದ್ದರು. ಹಿರಿಯರ ಬಳಿ ಕುಳಿತು ತಿದ್ದಿಕೊಳ್ಳುವುದು ಯಕ್ಷಗಾನ, ಸಂಗೀತ ಬಲ್ಲ ನಮ್ಮವರಿಗೆ ಹೊಸದೇನಲ್ಲ.

ಥಾಣೆಯ ನೆಲದಲ್ಲಿ

ಮನಸ್ಸಿನ ಆರೋಗ್ಯದ ವಿಷಯದಲ್ಲಿ ಥಾಣೆಗೆ ತನ್ನದೇ ಆದ ಚರಿತ್ರೆಯಿದೆ. ಇಲ್ಲಿನ ಪ್ರಾದೇಶಿಕ ಮನೋರೋಗ ಆಸ್ಪತ್ರೆ ಆರಂಭವಾದುದು 1901ರಲ್ಲಿ. ಮುಂಬಯಿ ಮಹಾನಗರದ ಯಾವ ಮೂಲೆಯಲ್ಲಿಯೇ ಆಗಲಿ, 'ಥಾಣೆಗೆ ಕಳುಹಿಸಬೇಕು' ಎಂಬ ಮಾತು ಒಂದು ಕಾಲದಲ್ಲಿ ಗೇಲಿಯೂ ಬೈಗುಳವೂ ಆಗಿತ್ತು. ಅದೇ ಥಾಣೆಯಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿ ಅವರು ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಸಂಸ್ಥೆಯನ್ನು ಹುಟ್ಟುಹಾಕಿದರು. ಮನಸ್ಸಿನ ಕಾಯಿಲೆಗೆ ಔಷಧ ಕೊಡುವುದರೊಂದಿಗೆ, ಕಾಯಿಲೆಯಿಲ್ಲದವರೂ ಬಂದು ತಮ್ಮ ಕಷ್ಟ ಹೇಳಿಕೊಳ್ಳಬಹುದು ಎಂಬ ವಾತಾವರಣವನ್ನು ಬೆಳೆಸಿದ ಹಿರಿಮೆ ಈ ಸಂಸ್ಥೆಯದು.

ವಿದೇಶದ ವಿದ್ಯೆಯನ್ನು ಮುಂಬಯಿಗೆ ತಂದವರಲ್ಲಿ ಕೆ. ಎಂ. ಫಡ್ಕೆ ಅವರ ಹೆಸರು ಉಲ್ಲೇಖನೀಯ. ಅಮೆರಿಕದ ಡಾ. ಆಲ್ಬರ್ಟ್ ಎಲ್ಲಿಸ್ 1955ರ ಸುಮಾರಿಗೆ ರೂಪಿಸಿದ, ವಿಚಾರವನ್ನು ತಿದ್ದಿ ಭಾವನೆಯನ್ನು ಹದಗೊಳಿಸುವ ಆರ್‌ಇಬಿಟಿ ಚಿಕಿತ್ಸಾ ಪದ್ಧತಿಯನ್ನು ಫಡ್ಕೆಯವರು ಎಲ್ಲಿಸ್ ಜತೆ ದಶಕಗಳ ಕಾಲ ಪತ್ರ ವ್ಯವಹಾರ ನಡೆಸುತ್ತ ಅಭ್ಯಸಿಸಿದರು. ನ್ಯೂಯಾರ್ಕಿನ ಎಲ್ಲಿಸ್ ಸಂಸ್ಥೆಯಿಂದ ಸೂಪರ್‌ವೈಸರ್ ಮನ್ನಣೆಯನ್ನೂ ಪಡೆದರು. ಅದಕ್ಕೂ ಮುನ್ನ ಕೋಲ್ಕತಾದ ಗಿರೀಂದ್ರಶೇಖರ ಬೋಸ್ ಅವರು ಫ್ರಾಯ್ಡ್ ಜತೆ ಪತ್ರ ಬರೆಯುತ್ತಲೇ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ್ದರು. ಅಂಚೆಯ ಕಾಲದಲ್ಲಿಯೇ ಇಷ್ಟು ಸಾಧ್ಯವಾಗಿತ್ತು ಎಂದಾದರೆ, 2020ರ ಕೊರೊನಾ ನಂತರ ಮೊಬೈಲ್ ಪರದೆಯ ಮೇಲೆಯೇ ಪಾಠ ಮತ್ತು ಪರಾಮರ್ಶೆ ರೂಢಿಯಾದ ಇಂದಿನ ದಿನಗಳಲ್ಲಿ ವಿದೇಶ ಪ್ರವಾಸವೊಂದೇ ದಾರಿ ಎನ್ನುವಂತಿಲ್ಲ.

ದೂರದಿಂದ ಆಗುವ ಲಾಭ, ನಷ್ಟ

ಹಾಗಿದ್ದರೂ ದೂರಕ್ಕೆ ಒಂದು ಬೆಲೆಯಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 'ಡೊಂಬಿವಲಿ ಪೂರ್ವದಲ್ಲಿ ಹೋಟೆಲ್ ನಡೆಸುವ, ಉಡುಪಿ ಕಡೆಯ, ಇಬ್ಬರು ಹೆಣ್ಣುಮಕ್ಕಳ ತಂದೆ' ಎಂದು ಇಲ್ಲಿನ ಯಾವುದೇ ಸಭೆಯಲ್ಲಿ ಹೇಳಿದರೆ ಹೆಸರು ಹೇಳುವ ಅಗತ್ಯವೇ ಬೀಳದು. ಅರ್ಧ ಸಭೆಗೆ ಅದು ಯಾರೆಂದು ಹೊಳೆದುಬಿಡುತ್ತದೆ. ಬಾಲಿಯಲ್ಲಿ ಹೇಳಿದರೆ ಯಾರಿಗೂ ತಿಳಿಯದು. ನಮ್ಮಂತಹ ಒತ್ತಾದ ಸಮುದಾಯದಲ್ಲಿ ಹೆಸರು ಮರೆಮಾಡಿದರೆ ಸಾಲದು. ಊರು, ಉದ್ಯೋಗ, ಮಕ್ಕಳ ಸಂಖ್ಯೆ ಎಲ್ಲವನ್ನೂ ಬದಲಿಸಿಯೇ ಚರ್ಚೆಗೆ ತರಬೇಕು. ಆದ್ದರಿಂದ ಹೊರಗಿನ ಕಿವಿಯೊಂದು ಬೇಕೆನ್ನುವ ಸಲಹೆಗಾರರ ಅಪೇಕ್ಷೆ ನ್ಯಾಯವಾದುದೇ.

ಆದರೆ ಅದೇ ದೂರದಲ್ಲಿ ಕೆಲವು ಸೂಕ್ಷ್ಮಗಳು ಕಳೆದುಹೋಗುತ್ತವೆ. ಸೀಮಂತಕ್ಕೆ ಕರೆದ ಮನೆಗೆ ಹೋಗದಿದ್ದರೆ ಏನರ್ಥ, ತಾಂಬೂಲದೊಂದಿಗೆ ಕೊಟ್ಟ ರವಿಕೆ ಕಣವನ್ನು ಬೇಡವೆಂದರೆ ಎದುರಿನವರಿಗೆ ಹೇಗಾಗುತ್ತದೆ, ಅಳಿಯಸಂತಾನದ ಕುಟುಂಬದಲ್ಲಿ ಸೋದರಮಾವನ ಮಾತಿಗೆ ಎಷ್ಟು ತೂಕ, ಊರಿನ ದೈವದ ಕಾರ್ಯಕ್ಕೆ ವಂತಿಗೆ ಕಳುಹಿಸಲಾಗದ ಮಗನ ಸಂಕಟವೇನು, ಇವನ್ನೆಲ್ಲ ಪರದೇಶದ ಮಾರ್ಗದರ್ಶಕರಿಗೆ ವಿವರಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಉಡುಗೊರೆ ತೆಗೆದುಕೊಳ್ಳಬಾರದು ಎಂಬ ನಿಯಮ ಪುಸ್ತಕದಲ್ಲಿ ಒಂದೇ ಸಾಲು. ನಮ್ಮಲ್ಲಿ ಅದನ್ನು ಪಾಲಿಸುವುದಕ್ಕೆ ವಿವೇಕ ಬೇಕು: ಒಂದು ಮೊಳ ಮಲ್ಲಿಗೆಯನ್ನು ಸ್ವೀಕರಿಸಬಹುದು, ರೇಷ್ಮೆ ಸೀರೆಯನ್ನು ವಿನಯದಿಂದ ಮರಳಿಸಬೇಕು. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೇಳಬಲ್ಲವರು ನಮ್ಮ ಭಾಷೆ, ರೀತಿ-ರಿವಾಜು ಬಲ್ಲವರೇ.

ಖರ್ಚಿನ ಮಾತೂ ಇದೆ. ವಿಮಾನ, ವೀಸಾ, ವಾಸ್ತವ್ಯ, ಶುಲ್ಕ ಎಲ್ಲ ಸೇರಿದರೆ ಸಾಮಾನ್ಯ ಕೌನ್ಸೆಲರ್‌ಗೆ ಅದು ಹಗುರದ ಬಾಬತ್ತಲ್ಲ. ಮೇಲಾಗಿ ಶಿಬಿರ ಮುಗಿಯುವುದು ಐದಾರು ದಿನಗಳಲ್ಲಿ. ಕಲ್ಯಾಣಿನ ಕೋಣೆಗೆ ಹೊಸ ಸಂಕಟ ಬರುವುದು ಪ್ರತಿ ವಾರ. ವಿದೇಶದಲ್ಲಿ ಕಲಿತುಬಂದವರು ಗೌರವಕ್ಕೆ ಅರ್ಹರೇ. ಆದರೆ ಮರಳಿದ ಮೇಲೆ ಪ್ರತಿ ತಿಂಗಳು ಯಾರ ಮುಂದೆ ಕುಳಿತುಕೊಳ್ಳುತ್ತಾರೆ ಎಂಬುದರ ಮೇಲೆ ನಮ್ಮ ನಂಬಿಕೆ ನಿಲ್ಲಬೇಕೇ ಹೊರತು ಗೋಡೆಯ ಮೇಲಿನ ಪ್ರಮಾಣಪತ್ರದ ಮೇಲಲ್ಲ.

ಕಾನೂನು ಏನೆನ್ನುತ್ತದೆ?

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ನೋಂದಾಯಿಸಿಕೊಳ್ಳಬೇಕು. ಪರಿಷತ್ತು ನೋಂದಣಿ ನವೀಕರಣಕ್ಕೆ ಐದು ವರ್ಷಗಳಲ್ಲಿ 100 ಅಂಕಗಳ ಮುಂದುವರಿದ ಶಿಕ್ಷಣದ ನಿಯಮ ತಂದಿದೆ. ವಿದೇಶಿ ಶಿಬಿರದ ಪ್ರಮಾಣಪತ್ರಕ್ಕೆ ತಾನಾಗಿಯೇ ಅಂಕ ಸಿಗುತ್ತದೆಂದು ಭಾವಿಸದೆ, ಹೊರಡುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳಿತು. ಆದರೆ 'ಕೌನ್ಸೆಲರ್' ಎಂಬ ಫಲಕ ಹಾಕಿಕೊಳ್ಳುವವರೆಲ್ಲ ಈ ಪರಿಷತ್ತಿನ ವ್ಯಾಪ್ತಿಗೆ ಬರುವುದಿಲ್ಲ. 2021ರ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಕೌನ್ಸೆಲರ್‌ಗಳ ವರ್ಗವೂ ಸೇರಿದೆ ಎಂಬುದು ಸ್ವಾಗತಾರ್ಹ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಕಲಮಿನಂತೆ ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿಗೆ ತನ್ನ ಆರೋಗ್ಯ ಮತ್ತು ಚಿಕಿತ್ಸೆಯ ವಿವರ ಗುಪ್ತವಾಗಿರಬೇಕೆಂಬ ಹಕ್ಕಿದೆ. ಬೇರೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು, ಜೀವಾಪಾಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ ಮುಂತಾದ ಕೆಲವು ಸಂದರ್ಭಗಳಲ್ಲಿ ಮಾತ್ರ ಅಗತ್ಯವಿದ್ದಷ್ಟು ತಿಳಿಸಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡಲೇಬೇಕು, ಮಾಡದಿರುವುದು ಶಿಕ್ಷಾರ್ಹ. ಸಂಘದ ಗೌರವ, ಮನೆತನದ ಮರ್ಯಾದೆ ಎಂಬ ಕಾರಣಗಳು ಅಲ್ಲಿ ನಡೆಯವು. ಅತ್ತೆಯ ಕುತೂಹಲವಾಗಲೀ ಬೀಗರ ಆತಂಕವಾಗಲೀ ಈ ಯಾವ ವಿನಾಯಿತಿಯ ಪಟ್ಟಿಯಲ್ಲೂ ಇಲ್ಲ.

ಸಂಘಗಳು ಮಾಡಬಹುದಾದ್ದು

ಶಾಲೆ, ವಾಚನಾಲಯ, ವೈದ್ಯಕೀಯ ಶಿಬಿರ, ವಿದ್ಯಾರ್ಥಿ ವೇತನ ಎಂದು ನಮ್ಮ ಸಂಘಗಳು ಕಾಲಕ್ಕೆ ತಕ್ಕಂತೆ ಬೆಳೆದು ಬಂದಿವೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದ್ದು ನಮ್ಮ ಕಣ್ಣೆದುರಿಗಿರುವ ನಿದರ್ಶನ. ಆಪ್ತ ಸಲಹಾ ಕೇಂದ್ರ ತೆರೆಯುವ ಯೋಚನೆಯಿರುವ ಸಂಘಗಳು ಫಲಕ ಹಾಕಿ ಉದ್ಘಾಟನೆ ನೆರವೇರಿಸುವ ಮುನ್ನ ಈ ಕೆಲವು ವಿಷಯಗಳನ್ನು ಗಮನಿಸಬಹುದು.

ಮೊದಲನೆಯದಾಗಿ, ಕಾರ್ಯಕಾರಿ ಸಮಿತಿಯಲ್ಲಿರುವವರೇ ಅದೇ ಸಂಘದ ಸದಸ್ಯರಿಗೆ ಸಲಹೆಗಾರರಾಗುವುದು ಬೇಡ. ಅಧ್ಯಕ್ಷರ ಆಯ್ಕೆಗೆ ಕೈ ಎತ್ತುವವರ ಮುಂದೆ ಮನೆಯ ಗೋಳು ಹೇಳಿಕೊಳ್ಳುವುದು ಸುಲಭವಲ್ಲ. ಅದಕ್ಕೆ ಉಪನಗರಗಳು ಪರಸ್ಪರ ಕೈಜೋಡಿಸಬಹುದು. ಡೊಂಬಿವಲಿಯ ಸಲಹೆಗಾರರು ವಾಶಿಯಲ್ಲಿ, ವಾಶಿಯವರು ಕಲ್ಯಾಣಿನಲ್ಲಿ, ಕಲ್ಯಾಣಿನವರು ಥಾಣೆಯಲ್ಲಿ ಕುಳಿತರೆ ಅರ್ಧ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ. 2004ರಿಂದ ಥಾಣೆ-ವಾಶಿ ನಡುವೆ ಟ್ರಾನ್ಸ್ ಹಾರ್ಬರ್ ಲೋಕಲ್ ಓಡುತ್ತಿರುವಾಗ ಇದು ಕಷ್ಟದ ಮಾತಲ್ಲ.

ಎರಡನೆಯದಾಗಿ, ಕೇಂದ್ರದ ರಿಜಿಸ್ಟರ್ ಸಂಘದ ಕಚೇರಿಯ ಕಪಾಟಿನಲ್ಲಿ ಇರಕೂಡದು. ಕಾರ್ಯದರ್ಶಿಗೆ ಬೇಕಾದುದು ತಿಂಗಳಲ್ಲಿ ಎಷ್ಟು ಮಂದಿ ಬಂದರು ಎಂಬ ಸಂಖ್ಯೆ ಮಾತ್ರ, ಹೆಸರುಗಳಲ್ಲ. ವಾರ್ಷಿಕ ವರದಿಯಲ್ಲಿ ಫೋಟೊ ಹಾಕುವ ಉತ್ಸಾಹವನ್ನು ಇದೊಂದು ವಿಭಾಗದಲ್ಲಿ ಬಿಡಬೇಕು.

ಮೂರನೆಯದಾಗಿ, ಸಲಹೆಗಾರರ ಗೌರವಧನದೊಂದಿಗೆ ಅವರ ಮಾಸಿಕ ಸೂಪರ್‌ವಿಷನ್ನಿನ ಶುಲ್ಕಕ್ಕೂ ಆಯವ್ಯಯದಲ್ಲಿ ಜಾಗವಿರಲಿ. ನಾಲ್ಕು ಸಂಘಗಳು ಸೇರಿ ಒಬ್ಬ ಅನುಭವಿ ಮಾರ್ಗದರ್ಶಕರನ್ನು ನೇಮಿಸಿಕೊಂಡರೆ ಹೊರೆಯಾಗದು. ಕನ್ನಡದಲ್ಲಿಯೇ ಚರ್ಚಿಸಬೇಕೆಂದರೆ ಬೆಂಗಳೂರಿನವರು ಪರದೆಯ ಮೇಲೆ ಸಿಗುತ್ತಾರೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ಪಳಗಿದ ತಜ್ಞರ ದೊಡ್ಡ ಬಳಗವೇ ಅಲ್ಲಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರು ತಮ್ಮ ಪುಸ್ತಕಗಳ ಮೂಲಕ ಮನಸ್ಸಿನ ಮಾತುಗಳನ್ನು ಕನ್ನಡದಲ್ಲಿಯೇ ಆಡಬಹುದು ಎಂದು ತೋರಿಸಿಕೊಟ್ಟಿದ್ದಾರೆ. ಸಲಹೆಗಾರರೊಬ್ಬರು ವಿದೇಶಿ ಶಿಬಿರಕ್ಕೆ ಹೋಗಿ ಬಂದರೆ, ಕಲಿತದ್ದನ್ನು ನಾಲ್ಕೂ ಕಡೆಯ ಸಹೋದ್ಯೋಗಿಗಳಿಗೆ ಒಂದು ಭಾನುವಾರ ಕುಳಿತು ತಿಳಿಸಲಿ. ಒಬ್ಬರ ಪ್ರಯಾಣದಿಂದ ಹತ್ತು ಮಂದಿಗೆ ಪ್ರಯೋಜನವಾದರೆ ಖರ್ಚೂ ಸಾರ್ಥಕ.

ನೀವು ಕೇಳಬಹುದಾದ ಪ್ರಶ್ನೆಗಳು

ಸಲಹೆಗಾರರ ಬಳಿ ಮೊದಲ ಬಾರಿ ಹೋಗುವ ಸದಸ್ಯರು ಸಂಕೋಚವಿಲ್ಲದೆ ಇಷ್ಟನ್ನು ಕೇಳಬಹುದು: ನಿಮ್ಮ ವಿದ್ಯಾರ್ಹತೆಯೇನು, ನೋಂದಣಿಯಿದೆಯೇ? ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ, ಯಾರು ನೋಡುತ್ತಾರೆ? ಯಾವ ಸಂದರ್ಭದಲ್ಲಿ ಅದನ್ನು ಹೊರಗೆ ಹೇಳಬೇಕಾಗುತ್ತದೆ? ನಿಮ್ಮ ಕೆಲಸವನ್ನು ಪರಾಮರ್ಶಿಸುವ ಹಿರಿಯರು ಇದ್ದಾರೆಯೇ? ನಾಳೆ ಸಂಘದ ಕಾರ್ಯಕ್ರಮದಲ್ಲಿ ಎದುರಾದರೆ ನನ್ನನ್ನು ಮಾತನಾಡಿಸುತ್ತೀರೋ ಇಲ್ಲವೋ? ಒಳ್ಳೆಯ ಸಲಹೆಗಾರರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಕೇಳುವ ಮೊದಲೇ ಅವರೇ ವಿವರಿಸುತ್ತಾರೆ.

ತುರ್ತು ನೆರವು ಬೇಕಾದವರಿಗೆ, ಪರಿಚಿತರ ಮುಂದೆ ಹೇಳಿಕೊಳ್ಳಲು ಮುಜುಗರವಾಗುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಉಚಿತ ಸಹಾಯವಾಣಿಯಿದೆ. ಸಂಖ್ಯೆ 14416. ಕನ್ನಡ, ಮರಾಠಿ ಸಹಿತ ಹಲವು ಭಾಷೆಗಳಲ್ಲಿ ಮಾತನಾಡಬಹುದು.

ಮತ್ತೆ ಆ ಅರಸಿನ ಕುಂಕುಮದ ದಿನಕ್ಕೆ ಬರೋಣ. ತರಬೇತಿ ಪಡೆದ ಸಲಹೆಗಾರ್ತಿ ಆ ಹಿರಿಯರಿಗೆ ನಗುತ್ತಲೇ ಹೇಳಬೇಕಾದ ಮಾತು ಇಷ್ಟೇ: "ಅಮ್ಮಾ, ನನ್ನ ಹತ್ತಿರ ಯಾರು ಬರ್ತಾರೆ, ಯಾರು ಬರೋದಿಲ್ಲ ಅಂತ ನಾನು ಯಾರಿಗೂ ಹೇಳುವ ಹಾಗಿಲ್ಲ. ನಾಳೆ ನೀವೇ ಬಂದರೂ ನಿಮ್ಮ ಸೊಸೆಗೆ ಹೇಳೋದಿಲ್ಲ." ವಧು-ವರಾನ್ವೇಷಣೆಯ ತಂದೆಗೂ ಇದೇ ಉತ್ತರ, 'ಇಲ್ಲ, ಅವನು ಬಂದಿಲ್ಲ' ಎಂದೂ ಹೇಳುವಂತಿಲ್ಲ. ಒಬ್ಬರಿಗೆ ಇಲ್ಲ ಎಂದು, ಇನ್ನೊಬ್ಬರಿಗೆ ಸುಮ್ಮನಿದ್ದರೆ ಆ ಮೌನವೇ ಉತ್ತರವಾಗಿಬಿಡುತ್ತದೆ.

ಕೇಳಿದವರಿಗೆ ಆ ಕ್ಷಣ ಬೇಸರವಾಗಬಹುದು. ಆದರೆ ಮನೆಗೆ ಹೋಗಿ ಯೋಚಿಸಿದಾಗ, ತನ್ನ ಕಷ್ಟವನ್ನೂ ಇವರ ಬಳಿ ಹೇಳಿಕೊಳ್ಳಬಹುದು ಎಂಬ ಧೈರ್ಯ ಹುಟ್ಟುತ್ತದೆ. ಆ ಧೈರ್ಯವನ್ನು ಪ್ರತಿಯೊಬ್ಬ ಸದಸ್ಯರಿಗೂ ದೊರಕಿಸಿಕೊಡುವುದು ನಮ್ಮ ಸಂಘಗಳ ಕೈಯಲ್ಲಿದೆ.